ಕತ್ತರಿ ಹಾಕಿದ ಹಿಂಡಿಗೆ ಬಂದ ಗಾಳಿ

ನಾನು ಈವರೆಗೆ ಸಮುದ್ರ ನೋಡಿಲ್ಲ. ಆದರೆ ದೀಪಾವಳಿ ಹತ್ತಿರ ಬಂತೆಂದರೆ ನನ್ನ ಕೆಲಸವೆಲ್ಲ ಬಂಗಾಳ ಕೊಲ್ಲಿಯನ್ನು ಕಾಯುವುದೇ. ಹಗರಿಬೊಮ್ಮನಹಳ್ಳಿಯ ಬೀಜದಂಗಡಿಯೊಂದರ ಮಹಡಿಯಲ್ಲಿ ಎರಡು ಕೋಣೆ, ಎರಡು ಕಂಪ್ಯೂಟರು, ಒಂದು ಮೈಕು. ಅಲ್ಲಿ ಕೂತು ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಮತ್ತು ನಮ್ಮ ತಾಲ್ಲೂಕಿನ ರೈತರ ಮೊಬೈಲಿಗೆ ದಿನಾ ಬೆಳಿಗ್ಗೆ ಒಂದು ಧ್ವನಿ ಸಂದೇಶ ಕಳಿಸುತ್ತೇವೆ. ಮಳೆ ಇದೆಯೇ, ಈರುಳ್ಳಿ ಕೀಳಬಹುದೇ, ಮೆಕ್ಕೆಜೋಳ ಒಣಹಾಕಬಹುದೇ, ಮಲ್ಲಿಗೆಗೆ ಔಷಧಿ ಹೊಡೆಯಬಹುದೇ, ಇಷ್ಟೇ. ದನಿ ನನ್ನದು. ಐದು ತಾಲ್ಲೂಕಿನಲ್ಲಿ ನನ್ನ ಮುಖದ ಪರಿಚಯ ಯಾರಿಗೂ ಇಲ್ಲ, ದನಿ ಕೇಳಿದರೆ ಮಾತ್ರ 'ಮಳಿ ಅಕ್ಕಾರು' ಎನ್ನುತ್ತಾರೆ. ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನಮ್ಮ ಅಬ್ಬಾ, "ನಾ ಗೇರ್‌ಬಾಕ್ಸ್ ಬಿಚ್ಚಿ ನೋಡಿ ಹೇಳ್ತೀನಿ. ನೀ ನೋಡದ ಹೇಳ್ತಿ. ನಿಂದ ದೊಡ್ಡ ವಿದ್ಯಾ ಬಿಡವ್ವಾ" ಎಂದು ಚುಡಾಯಿಸುತ್ತಿದ್ದರು. ಹೋದ ಹಂಗಾಮಿನವರೆಗೂ ಆ ಮಾತಿಗೆ ನಾನು ನಗುತ್ತಿದ್ದೆ.

ಕೆಲಸದ ಕ್ರಮ ಹೀಗೆ. ಬೆಳಿಗ್ಗೆ ಬಂದ ಕೂಡಲೇ ಉಪಗ್ರಹದ ಚಿತ್ರ ತೆರೆಯಬೇಕು. ಕೊಲ್ಲಿಯಲ್ಲಿ ಮೋಡ ಎಲ್ಲಿ ಸುತ್ತುತ್ತಿದೆ, ನಿನ್ನೆಗಿಂತ ಯಾವ ಕಡೆ ಸರಿದಿದೆ ಎಂದು ನೋಡಬೇಕು. ಆಮೇಲೆ ಹವಾಮಾನ ಇಲಾಖೆಯ ಪ್ರಕಟಣೆ. ಮೊದಲು 'ವಾಯುಭಾರ ಕುಸಿತ' ಎಂದಿರುತ್ತದೆ, ಬಲ ಕೂಡಿಸಿಕೊಂಡರೆ 'ತೀವ್ರ ವಾಯುಭಾರ ಕುಸಿತ', ಇನ್ನೂ ಏರಿದರೆ ಚಂಡಮಾರುತ. ಚಂಡಮಾರುತವಾದಾಗಲೇ ಅದಕ್ಕೊಂದು ಹೆಸರಿಡುವುದು, ಅಲ್ಲಿಯವರೆಗೂ ಅದು ಅನಾಮಿಕ. ಕೊನೆಗೆ ನಮ್ಮ ತಾಲ್ಲೂಕುಗಳ ಪಟ್ಟಿ. ಅದರಲ್ಲಿ ಸಾಲುಸಾಲಾಗಿ ಮಳೆ, ಹಗಲಿನ ತಾಪ, ರಾತ್ರಿಯ ತಾಪ, ಗಾಳಿಯ ವೇಗ, ಗಾಳಿಯ ದಿಕ್ಕು, ಮೋಡ. ಇದನ್ನೆಲ್ಲ ಅರೆದು ಒಂದು ನಿಮಿಷದೊಳಗೆ ಹೇಳಬೇಕು, ಅದಕ್ಕಿಂತ ಉದ್ದವಾದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕೆಲವನ್ನು ಕೈಬಿಡುತ್ತಿದ್ದೆವು. ಮೊದಲು ಬಿಡುತ್ತಿದ್ದದ್ದು ಗಾಳಿ ಮತ್ತು ತಾಪದ ಸಾಲುಗಳನ್ನು, ಏಕೆಂದರೆ ಫೋನ್ ಮಾಡಿದವರಲ್ಲಿ ಅದನ್ನು ಕೇಳುವವರೇ ಇರಲಿಲ್ಲ.

ಹೋದ ಹಂಗಾಮಿನ ಮೊದಲ ಚಂಡಮಾರುತ ಹೆಸರು ಇಟ್ಟುಕೊಂಡೇ ಬಂತು. ಚಿತ್ರದಲ್ಲಿ ಅದರ ನಡುವಿನ ಕಣ್ಣು ಕೂಡ ಕಾಣುತ್ತಿತ್ತು. ಆಂಧ್ರದ ಕರಾವಳಿಗೆ ಬಡಿದು ಒಳನಾಡಿಗೆ ನುಗ್ಗುವ ಸಾಧ್ಯತೆ ಇದೆ, ನಮ್ಮಲ್ಲಿ ಭಾರಿ ಮಳೆ ಆಗಬಹುದು ಎಂದಿತ್ತು. 'ಆಗಬಹುದು' ಎಂಬುದನ್ನು ನಾನು ಮೈಕಿನ ಮುಂದೆ 'ಆಗುತ್ತದೆ' ಮಾಡಿದೆ. ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳ ಕೂಡಲೇ ರಾಶಿ ಮಾಡಿ ತಾಡಪಾಲು ಮುಚ್ಚಿರಿ ಎಂದು ಗಂಭೀರವಾಗಿ ಹೇಳಿದೆ. ಐದೂ ತಾಲ್ಲೂಕಿನ ಜನ ಹಾಗೇ ಮಾಡಿದರು. ಆ ಮಹಾಶಯ ಕರಾವಳಿಯ ತನಕ ಬಂದು ಸೀದಾ ಉತ್ತರಕ್ಕೆ ತಿರುಗಿದ. ಇಲ್ಲಿ ಸುಡುಬಿಸಿಲು. ಹಸಿ ಜೋಳ ತಾಡಪಾಲಿನ ಕೆಳಗೆ ಕಾವು ಕಟ್ಟಿ ಬೂಷ್ಟು ಹಿಡಿಯಿತು.

ಮರುದಿನದಿಂದ ಫೋನುಗಳು ಶುರುವಾದವು.

"ಅಕ್ಕಾರ, ನಿಮ್ಮ ತುಫಾನು ಕೊಟ್ಟೂರು ಬಸ್ಸು ತಪ್ಪಿಸ್ಕೊಂತೇನ್ರಿ?"

"ಅಕ್ಕಾರ, ಜ್ವಾಳ ವಾಸನಿ ಹೊಡ್ಯಾಕ ಹತ್ತೈತಿ. ನಿಮ್ಮ ಆಫೀಸಿಗೆ ತಂದು ಸುರುವ್ಲೇನ್ರಿ?"

ಬೈದವರಿಗಿಂತ ನಕ್ಕವರು ಹೆಚ್ಚು. ಅದೇ ನನಗೆ ಜಾಸ್ತಿ ಚುಚ್ಚಿತು. ಅಬ್ಬಾನ ಶೆಡ್ಡಿಗೆ ಬಂದವರು ಕೂಡ, "ಸಾಬರ, ಇವತ್ತು ಮಗಳು ಏನಂತಾಳ? ಛತ್ರಿ ತರಬೇಕೋ ಬ್ಯಾಡೋ?" ಎಂದು ಕೇಳಿ ಹೋಗುತ್ತಿದ್ದರಂತೆ. ನಮ್ಮ ಕೇಂದ್ರದ ಮುಖ್ಯಸ್ಥರು ಹರಪನಹಳ್ಳಿ ಕಡೆಯವರು, ಮಾತು ಮೆತ್ತಗೆ, ಮನಸ್ಸೂ ಮೆತ್ತಗೆ. ನನ್ನನ್ನು ಕರೆದು, "ನೋಡಮ್ಮಾ, ಸಮುದ್ರದ ಸುದ್ದಿ ನಮಗ್ಯಾಕೆ? ನಮ್ಮ ತಾಲ್ಲೂಕಿಗೆ ಎಷ್ಟು ಮಳೆ ಅಂತ ಐತೆ, ಅಷ್ಟೇ ಓದು. ಜನರನ್ನ ಹೆದರ್ಸೋದು ಬೇಡ" ಎಂದರು. ನನಗೂ ಅದೇ ಬೇಕಿತ್ತು. ಅಂದಿನಿಂದ ನನ್ನ ಸಂದೇಶಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾದವು. ಎಲ್ಲದರ ಕೊನೆಗೂ 'ಆತಂಕ ಬೇಡ' ಎಂದು ಸೇರಿಸತೊಡಗಿದೆ. ಆ ಎರಡು ಪದ ಹೇಳುವಾಗ ನನ್ನ ದನಿ ತುಂಬ ಚೆನ್ನಾಗಿ ಬರುತ್ತದೆ ಎಂದು ನನಗೇ ಅನಿಸುತ್ತಿತ್ತು.

ಇಂಥ ದಿನಗಳಲ್ಲೇ ಆಕೆಯ ಫೋನು ಬಂತು.

ಆಕೆ ಕೋಗಳಿ ಕಡೆಯ ಒಂದು ಕುರಿಹಟ್ಟಿಯವಳು. ಗಂಡ ಕಾಯಿಲೆಯಿಂದ ತೀರಿಕೊಂಡ ಮೇಲೆ ಅವನ ಹಿಂಡನ್ನು ತಾನೇ ಮೇಯಿಸುತ್ತಿದ್ದಳು. ಮೊದಲೂ ಎರಡು ಮೂರು ಸಲ ಫೋನ್ ಮಾಡಿದ್ದಳು, ಮುಖ ನೋಡದೆಯೇ ಅಕ್ಕತಂಗಿಯರಾಗಿದ್ದೆವು. ಅವಳ ಸಂಕಟ ನನಗೆ ಪೂರ್ತಿ ಗೊತ್ತಿತ್ತು. ಹೆಂಗಸಿಗೆ ಹಿಂಡು ನಿಭಾಯಿಸಲು ಬರುವುದಿಲ್ಲ, ತನ್ನ ಹಿಂಡಿಗೆ ಕೂಡಿಸಿಬಿಡಬೇಕು ಎಂದು ಮೈದುನ ಗಂಟುಬಿದ್ದಿದ್ದ. ಕೂಡಿಸಿದರೆ ಆಕೆ ತನ್ನದೇ ಕುರಿಗಳಿಗೆ ಕೂಲಿಯವಳು. ಹಟ್ಟಿಯ ಹಿರಿಯಜ್ಜ ಮಾತ್ರ, "ಕತ್ತರಿ ದಿನ ಆಕಿನ ಇಡ್ಲಿ, ನೋಡೂಣು" ಎಂದಿದ್ದ.

ಕತ್ತರಿ ದಿನವೆಂದರೆ ಉಣ್ಣೆ ಕತ್ತರಿಸುವ ದಿನ. ಆ ಹಟ್ಟಿಯಲ್ಲಿ ಹಿಂಡು ಯಾರದೋ ಅವರೇ ದಿನ ಇಡಬೇಕು. ದಿನ ಇಟ್ಟವರೇ ಮೊದಲ ಕುರಿಯ ಹಣೆಗೆ ಬೀರಪ್ಪನ ಭಂಡಾರ ಹಚ್ಚಿ ಮೊದಲ ಕತ್ತರಿ ಆಡಿಸಬೇಕು. ಹಿಂದಿನ ದಿನ ಕುರಿಗಳನ್ನು ಹಳ್ಳಕ್ಕೆ ಇಳಿಸಿ ಮೈ ತೊಳೆಯುತ್ತಾರೆ. ಕತ್ತರಿ ಹಾಕುವವರು ಕೂಲಿಯವರಲ್ಲ, ಅಕ್ಕಪಕ್ಕದ ಕುರಿಗಾರರೇ ಮುಯ್ಯಿಗೆ ಬರುತ್ತಾರೆ. ಇವತ್ತು ನಿನ್ನ ಹಿಂಡು, ನಾಳೆ ನನ್ನದು, ನಾಡಿದ್ದು ಇನ್ನೊಬ್ಬರದು. ಆದ್ದರಿಂದ ಒಮ್ಮೆ ಇಟ್ಟ ದಿನ ಮುಂದೆ ಹಾಕಿದರೆ ಎಲ್ಲರ ದಿನವೂ ಕೆಡುತ್ತದೆ. ದಿನ ಇಡಲು ಬಂತು ಎಂದರೆ ಹಿಂಡು ಆಳಲು ಬಂತು ಎಂದು ಅವರ ಲೆಕ್ಕ.

"ತಂಗಿ, ನಾನು, ಕುರಿಯಾಕಿ. ಬೇಸ್ತವಾರ ಕತ್ತರಿ ಇಡಬೇಕಂತ ಮಾಡೀನಿ. ಇನ್ನೂ ಬಾಯಿ ಬಿಟ್ಟು ಹೇಳಿಲ್ಲ. ಮಳಿ ಹೆಂಗೈತಿ ನೋಡಿ ಹೇಳು."

ನಾನು ಪಟ್ಟಿ ನೋಡಿದೆ. ಕೊಲ್ಲಿಯಲ್ಲಿ ಇನ್ನೊಂದು ವಾಯುಭಾರ ಕುಸಿತ ಎದ್ದಿತ್ತು, ಆದರೆ ಅದು ಹೆಸರು ಪಡೆಯುವಷ್ಟು ಬೆಳೆಯುವ ಲಕ್ಷಣ ಇರಲಿಲ್ಲ. ನಮ್ಮ ತಾಲ್ಲೂಕಿಗೆ ಹಗುರ ಮಳೆ. ಪಕ್ಕದಲ್ಲೇ ಗಾಳಿಯ ಸಾಲು ಇತ್ತು. ಮೂಡಣ ದಿಕ್ಕು, ದಿನದಿಂದ ದಿನಕ್ಕೆ ಏರುವ ವೇಗ. ಅದರ ಪಕ್ಕದ ಸಾಲಿನಲ್ಲಿ ಹಗಲಿನ ತಾಪ ರಾತ್ರಿಯ ತಾಪದ ಹತ್ತಿರಕ್ಕೆ ಇಳಿದಿತ್ತು. ನಾನು ಅದನ್ನು ನೋಡಲಿಲ್ಲ ಎಂದು ಹೇಳಲಾರೆ. ಕಣ್ಣು ಅದರ ಮೇಲೆ ಹಾದುಹೋಯಿತು.

"ದೊಡ್ಡ ಮಳಿ ಏನಿಲ್ಲಕ್ಕ. ಜಿಟಿಜಿಟಿ ಬಂದ್ರ ಬರಬಹುದು, ಅಷ್ಟ. ಧೈರ್ಯಾಗಿ ಕತ್ತರಿ ಹಾಕ್ರಿ."

"ನೋಡವ್ವಾ, ಈ ಸಲ ಹೆಚ್ಚುಕಮ್ಮಿ ಆದ್ರ ಮೈದುನ ಕಾಯ್ಕೊಂಡು ಕುಂತಾನ."

"ಏನೂ ಆಗಂಗಿಲ್ಲ. ನಾ ಹೇಳ್ತೀನಲ್ಲ?"

ಧೈರ್ಯ ಎನ್ನುವ ಪದ ಯಾವ ಪ್ರಕಟಣೆಯಲ್ಲೂ ಇರುವುದಿಲ್ಲ. ಅದು ನನ್ನ ಸ್ವಂತದ್ದು. ಜೋಳದವರು ನಕ್ಕು ನಕ್ಕು ನನ್ನ ಮುಖ ಸಣ್ಣದು ಮಾಡಿದ್ದರು. ಯಾರಿಗಾದರೂ ಒಳ್ಳೆಯ ಸುದ್ದಿ ಹೇಳಿ, ಅದು ನಿಜವಾಗಿ, ಅವರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ನನಗಿತ್ತು. ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ.

ಬೇಸ್ತವಾರ ಹೂಬಿಸಿಲಿತ್ತು. ಕತ್ತರಿ ಸುಸೂತ್ರವಾಯಿತು, ಎಲ್ಲರಿಗೂ ಊಟವಾಯಿತು ಎಂದು ಸಂಜೆ ಆಕೆಯೇ ಫೋನ್ ಮಾಡಿ ತಿಳಿಸಿದಳು. "ನಿನ್ನ ಬಾಯಿಗೆ ಸಕ್ರಿ ಹಾಕಬೇಕು" ಎಂದಳು. ನಾನು ಉಬ್ಬಿಹೋದೆ.

ಮರುದಿನ ಮೋಡ ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಕಂಡೂ ಕಾಣದಂಥ ತುಂತುರು ಶುರುವಾಯಿತು. ಕಚೇರಿಯಲ್ಲಿ ನಮಗೆ ಖುಷಿಯೋ ಖುಷಿ. ಹಗುರ ಮಳೆ ಎಂದಿದ್ದೆವು, ಹಗುರ ಮಳೆಯೇ ಬಂತು. ಮುಖ್ಯಸ್ಥರು ಕೆಳಗಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರು. ಕಿಟಕಿ ಬಳಿ ನಿಂತು ಬಿಸಿ ಮಿರ್ಚಿ ಕಚ್ಚುತ್ತ, ಗಾಳಿಗೆ ಬೀದಿಯ ಬ್ಯಾನರು ಪಟಪಟ ಬಡಿದುಕೊಳ್ಳುವುದನ್ನು ನೋಡಿದೆ. ಚಳಿ ಅನಿಸಿತು, ಸೆರಗು ಹೊದ್ದುಕೊಂಡೆ. ಹೊದ್ದುಕೊಳ್ಳುವಾಗಲೂ ನನಗೆ ಕುರಿಗಳ ನೆನಪಾಗಲಿಲ್ಲ.

ನೆನಪಾಗಿದ್ದು ಅದರ ಮರುದಿನ ಬೆಳಿಗ್ಗೆ, ಆಕೆಯ ಫೋನು ಬಂದಾಗ. ಹಿಂದೆ ಕುರಿಗಳು ಕೆಮ್ಮುವ ಸದ್ದು, ಯಾರೋ ಕೂಗುವ ಸದ್ದು.

"ತಂಗಿ, ಈ ಗಾಳಿ ಯಾವಾಗ ನಿಲ್ತೈತಿ?"

ಮಳೆ ಯಾವಾಗ ನಿಲ್ಲುತ್ತದೆ ಎಂದು ಕೇಳಲಿಲ್ಲ, ಗಾಳಿ ಎಂದಳು.

"ಏನಾತಕ್ಕ?"

"ಕುರಿ ನಡುಗಾಕ ಹತ್ಯಾವ. ಮೈಮ್ಯಾಲ ಒಂದು ಎಳಿ ಉಣ್ಣಿ ಇಲ್ಲ. ಬೆಚ್ಚಗ ಆಗ್ಲಿ ಅಂತ ಒಂದರ ಮ್ಯಾಲ ಒಂದು ಬೀಳಾಕ ಹತ್ಯಾವ, ತೆಳಗಿನವು ಉಸಿರುಕಟ್ಟಿ ಹೋಗಾಕ ಹತ್ಯಾವ. ಗಬ್ಬದ ಕುರಿ ಅದಾವ ತಂಗಿ. ಯಾವಾಗ ನಿಲ್ತೈತಿ ಹೇಳು."

ಚಿತ್ರ ತೆರೆದೆ. ಆ ಅನಾಮಿಕ ಕುಸಿತ ಕರಾವಳಿ ದಾಟಿ, ಬಲ ಕಳೆದುಕೊಂಡು, ರಾಯಲಸೀಮೆಯ ಮೇಲೆ ಬಂದು ಕೂತಿತ್ತು. ಚಂಡಮಾರುತವಾಗಿದ್ದರೆ ಬಡಿದು ಹೋಗುತ್ತಿತ್ತು. ಇದಕ್ಕೆ ಹೋಗುವ ಶಕ್ತಿಯೂ ಇರಲಿಲ್ಲ. ಸೋಮವಾರದ ತನಕ ಇದೇ ಗಾಳಿ, ಇದೇ ತುಂತುರು.

"ಇನ್ನೂ ಎರಡು ದಿನ ಐತಕ್ಕ" ಎಂದೆ.

ಮೊದಲು ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಬೈದುಕೊಂಡೇ ಹೊರಟರು. "ಗಾಳಿಗೆ ಅಡ್ಡ ಏನಾರ ಕಟ್ರಿ, ತೆಳಗ ಒಣಾ ಹೊಟ್ಟು ಹಾಸ್ರಿ, ಗುಂಪು ಬಿಡಿಸ್ರಿ, ಬೆಚ್ಚನ ಬೆಲ್ಲದ ನೀರು ಕುಡಿಸ್ರಿ. ನಾ ಬರೋತನಕ ಇಷ್ಟು ಮಾಡ್ಲಿ" ಎಂದರು. ಅದನ್ನು ಆಕೆಗೆ ತಿಳಿಸಿದೆ. ಆಮೇಲೆ ಅಬ್ಬಾಗೆ ಫೋನ್ ಮಾಡಿದೆ. ಏನು, ಎತ್ತ ಎಂದು ಅವರು ಕೇಳಲಿಲ್ಲ. ರಿಪೇರಿಗೆ ಬಂದಿದ್ದ ಟ್ರ್ಯಾಕ್ಟರಿನ ಯಜಮಾನನನ್ನು ಒಪ್ಪಿಸಿ, ಟ್ರ್ಯಾಲಿಗೆ ಶೇಂಗಾ ಹೊಟ್ಟು ತುಂಬಿಸಿ, ಪರಿಚಯದವರ ಕಣಗಳಿಂದ ತಾಡಪಾಲು ಒಟ್ಟುಮಾಡಿಕೊಂಡು ಬಂದರು. ಜೋಳಕ್ಕೆ ಮುಚ್ಚಿ ಎಂದು ನಾನೇ ಹೇಳಿ ಕೆಡಿಸಿದ್ದ ತಾಡಪಾಲುಗಳು ಅವು, ಬೂಷ್ಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಾನೂ ಹತ್ತಿಕೊಂಡೆ. ದಾರಿಯುದ್ದಕ್ಕೂ ಆ ಗಾಳಿ ಮುಖಕ್ಕೆ ಹೊಡೆಯಿತು. ಪರದೆಯ ಮೇಲೆ ಅಂಕಿಯಾಗಿ ನೋಡಿದ್ದ ಗಾಳಿ ಅದು.

ಹಟ್ಟಿಯಲ್ಲಿ ಕೆಲಸ ನಡೆದೇ ಇತ್ತು. ಮೂಡಣದ ಮುಳ್ಳುಬೇಲಿಗೆ ಗೂಟ ಹೊಡೆದು ತಾಡಪಾಲು ಬಿಗಿದೆವು. ಎರಡು ಸಲ ಗಾಳಿ ಕಿತ್ತೊಗೆಯಿತು, ಮೂರನೆಯ ಸಲ ಅಬ್ಬಾ ಟ್ರ್ಯಾಲಿಯನ್ನೇ ಅಡ್ಡ ನಿಲ್ಲಿಸಿ ಅದಕ್ಕೆ ಕಟ್ಟಿದರು. ಹೊಟ್ಟು ಹಾಸಿದೆವು. ಕುರಿಗಾರರು ತಮ್ಮ ಹೆಗಲ ಕಂಬಳಿ ತೆಗೆದು ಗಬ್ಬದ ಕುರಿಗಳಿಗೆ ಹೊದಿಸಿ ತಾವು ಬರಿಮೈಯಲ್ಲಿ ನೆನೆಯುತ್ತಿದ್ದರು. ಎಲ್ಲಕ್ಕಿಂತ ಕಷ್ಟದ ಕೆಲಸ ಗುಂಪು ಬಿಡಿಸುವುದು. ಒಂದನ್ನು ಎಳೆದು ಈಚೆ ಹಾಕಿದರೆ ಅದು ಮತ್ತೆ ಓಡಿಹೋಗಿ ರಾಶಿಯ ಮೇಲೆಯೇ ಬೀಳುತ್ತಿತ್ತು. ವೈದ್ಯರು ಪಾದ ಹೂಳುವ ಕೆಸರಿನಲ್ಲಿ ಸೂಜಿ ಚುಚ್ಚುತ್ತ ಹೋಗುತ್ತಿದ್ದರು.

ಆಕೆಯನ್ನು ಗುರುತಿಸಲು ನನಗೆ ಹೊತ್ತು ಹಿಡಿಯಲಿಲ್ಲ. ಎಲ್ಲರೂ ಕೂಗಾಡುತ್ತಿದ್ದಾಗ ಒಬ್ಬಳೇ ಬಾಯಿ ಮುಚ್ಚಿಕೊಂಡು ಕುರಿಗಳನ್ನು ಎಳೆದು ಹಾಕುತ್ತಿದ್ದಳು. ನನ್ನ ದನಿ ಕೇಳಿ ತಿರುಗಿ ನೋಡಿದಳು. ಒಂದು ಗಬ್ಬದ ಕುರಿಯನ್ನು ತಂದು ನನ್ನ ತೊಡೆಗೆ ಒರಗಿಸಿ, "ಹಿಡ್ಕೊ, ಬೆಲ್ಲದ ನೀರು ಮೆಲ್ಲಗ ಹಾಕು" ಎಂದು ಹೇಳಿ ಹೋದಳು.

ನಾನು ಅಲ್ಲಿಯವರೆಗೆ ಕುರಿಯನ್ನು ಮುಟ್ಟಿದವಳಲ್ಲ. ಉಣ್ಣೆ ಹೋದ ಮೈ ಎಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ತೊಗಲಿನ ಮೇಲೆ ಕತ್ತರಿ ಆಡಿದ ಗೆರೆಗಳು ಕಾಣುತ್ತಿದ್ದವು. ಹೊಟ್ಟೆಯೊಳಗಿನ ಮರಿ ಒಮ್ಮೆ ಹೊರಳಿದ್ದು ನನ್ನ ಅಂಗೈಗೆ ತಿಳಿಯಿತು. ಬೆಲ್ಲದ ನೀರು ಅದರ ಬಾಯಿಂದ ಹೊರಗೇ ಸುರಿಯುತ್ತಿತ್ತು. ನಾನು ಒರೆಸುತ್ತ, ಮತ್ತೆ ಹಾಕುತ್ತ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅಬ್ಬಾ ಬಂದು, "ಬಿಡು ಬೇಟಾ, ಹೋಗೇತಿ" ಎಂದು ನನ್ನ ತೊಡೆಯಿಂದ ಅದನ್ನು ಎತ್ತಿಕೊಂಡರು.

ಸೋಮವಾರ ಬಿಸಿಲು ಬಿತ್ತು. ಹೆಚ್ಚಿನವು ಉಳಿದವು. ಆದರೆ ಹಿಂಡಿನ ಕಾಲು ಪಾಲಿಗಿಂತ ಹೆಚ್ಚು ಹೋಯಿತು, ಅದರಲ್ಲೂ ಗಬ್ಬದ ಕುರಿಗಳೇ ಜಾಸ್ತಿ.

ಕಚೇರಿಯಲ್ಲಿ ನಾನು ವಿಷಯ ಹೇಳಿದಾಗ ಮುಖ್ಯಸ್ಥರಿಗೆ ನಿಜವಾಗಿಯೂ ನೋವಾಯಿತು. ಆದರೂ, "ತುಂತುರು ಅಂದಿದ್ವಿ, ತುಂತುರೇ ಬಂತಲ್ಲಮ್ಮ. ನಮ್ಮದೇನು ತಪ್ಪೈತೆ?" ಎಂದರು. ಕಾಗದದ ಮೇಲೆ ತಪ್ಪಿರಲಿಲ್ಲ. ನನ್ನ ಫೋನಿನ ಮಾತು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಸಂದೇಶದಲ್ಲಿ ಕುರಿಗೆ ಜಾಗವೇ ಇಲ್ಲ, ನಾನೇನು ಮಾಡಲಿ ಎಂದು ಒಳಗೊಳಗೇ ವಾದ ಹೂಡಿ ನೋಡಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ ಆಗುತ್ತಿತ್ತು ಅದು. ಮೈಕಿನ ಮುಂದೆ ಕೂತರೆ 'ಆತಂಕ ಬೇಡ' ಎನ್ನುವಲ್ಲಿಗೆ ದನಿ ಒಡೆಯುತ್ತಿತ್ತು.

ಕೊನೆಗೆ ಅಬ್ಬಾನ ಮುಂದೆ ಎಲ್ಲ ಹೇಳಿದೆ. ಅವರು ಕೈಯ ಗ್ರೀಸು ಒರೆಸುತ್ತಲೇ ಕೇಳಿದರು. "ನಾ ಎಂದಾರ ತಪ್ಪು ಬೋಲ್ಟು ಹಾಕಿ ಗಾಡಿ ಕೆಡಿಸಿದ್ರ, ಗಿರಾಕಿ ಮನಿಗೆ ಹೋಗಿ ಹೇಳಿ ಬರ್ತೀನಿ. ಶೆಡ್ಡಿನ್ಯಾಗ ಕುಂತು ಅಳಂಗಿಲ್ಲ" ಎಂದರು. ಹಟ್ಟಿಯಲ್ಲಿ ಹಿಂಡಿನ ವಿಚಾರಕ್ಕೆ ಹಿರಿಯರು ಕೂಡುತ್ತಾರೆ ಎಂದು ವೈದ್ಯರಿಂದ ತಿಳಿದಿತ್ತು. ಆ ದಿನವೇ ಹೋಗಿ, ಎಲ್ಲರೆದುರು ಒಪ್ಪಿಕೊಂಡುಬಿಡುವುದು ಎಂದು ಗಟ್ಟಿ ಮಾಡಿದೆ. ಬಸ್ಸಿನಲ್ಲಿ ಕೂತಾಗ ಎಷ್ಟೋ ದಿನಗಳ ಮೇಲೆ ಉಸಿರು ಸರಾಗವಾಗಿ ಆಡಿತು.

ಹಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಆಕೆ ಎದುರು ಸಿಕ್ಕಳು. ಮರಿಗಳಿಗೆ ಸೊಪ್ಪು ಹೊತ್ತುಕೊಂಡು ಬರುತ್ತಿದ್ದಳು.

"ಯಾಕ ಬಂದಿ?"

"ದಿನ ಇಡಾಕ ನಾನ ಹೇಳಿದ್ದು ಅಂತ ಎಲ್ಲಾರ ಮುಂದ ಹೇಳಾಕ ಬಂದೀನಕ್ಕ. ತಪ್ಪು ನಂದು."

ಆಕೆ ಸೊಪ್ಪಿನ ಹೊರೆ ಕೆಳಗಿಟ್ಟಳು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬಂತು. ಆದರೆ ನಾನು ನೆನೆಸಿದ್ದ ಕಾರಣಕ್ಕಲ್ಲ.

"ಹುಚ್ಚಿ ಅದೀಯೇನು? 'ಫೋನಿನ್ಯಾಗ ಊರಾನ ಹುಡುಗಿನ್ನ ಕೇಳಿ ದಿನ ಇಟ್ಟಾಳ, ಸ್ವಂತ ಬುದ್ಧಿ ಇಲ್ಲ' ಅಂತಾನ ಮೈದುನ. ಅವಗ ಅಷ್ಟ ಬೇಕಾಗೈತಿ. ಈಗ ಕುರಿ ಹೋಗ್ಯಾವ. ನೀ ಬಾಯಿ ಬಿಟ್ರ ಹಿಂಡ ಹೋಗ್ತೈತಿ."

"ಮತ್ತ ನಾ ಏನು ಮಾಡ್ಲಿ?"

"ನಿನಗ ಹೊಟ್ಯಾಗ ಸಂಕಟ ಆಗೈತಿ, ನನಗ ತಿಳಿತೈತಿ. ಅದನ್ನ ಇಳಿಸ್ಕೊಳ್ಳಾಕ ನನ್ನ ಹಟ್ಟಿನ ಬೇಕಾತೇನು? ಕುರಿ ಸತ್ತಾವಂತ ಮಾತಾಡ್ಸಾಕ ಬಂದೀಯ. ಅಷ್ಟ. ಚಾ ಕುಡಿ, ಹೋಗು."

ಹೊರೆಯನ್ನು ಮತ್ತೆ ತಲೆಗೇರಿಸಲು ನಾನೇ ಕೈಕೊಟ್ಟೆ. ಒಪ್ಪಿಕೊಂಡರೆ ಮುಗಿಯಿತು ಎಂದು ಬಂದಿದ್ದೆ. ನನ್ನ ತಪ್ಪೊಪ್ಪಿಗೆಗೂ ಆಕೆಯ ಕುರಿಯನ್ನೇ ಬಲಿ ಕೇಳುತ್ತಿದ್ದೇನೆಂದು ನನಗೆ ಹೊಳೆದಿರಲೇ ಇಲ್ಲ.

ಬೇವಿನ ಮರದ ಕೆಳಗೆ ಹಿರಿಯರು ಕೂತಿದ್ದರು. ಆಕೆ ನನ್ನನ್ನು ತೋರಿಸಿ, "ಮಳಿ ಅಕ್ಕಾರು. ಅವತ್ತು ತಾಡಪಾಲು ತಂದಿದ್ರಲ್ಲ, ಅವರು" ಎಂದಳು. ಜನ ಸರಿದು ಜಾಗ ಕೊಟ್ಟರು. ಮೈದುನ ಮಾತು ಶುರು ಮಾಡಿದ. ಅವನೇನೂ ರಾಕ್ಷಸನಲ್ಲ, ಸತ್ತ ಅಣ್ಣನ ಕುರಿಗಳೆಂದು ಅವನಿಗೂ ಹೊಟ್ಟೆ ಉರಿದಿತ್ತು. ದಿನ ಇಡಲು ಬರದವಳು ದಿನ ಇಟ್ಟಳು, ಅದಕ್ಕೇ ಹೀಗಾಯಿತು ಎಂದ. ಆಮೇಲೆ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿದ.

"ಅಕ್ಕಾರ, ನೀವ ಹೇಳ್ರಿ. ಅಂಥಾ ಗಾಳಿ ಬರ್ತೈತಂತ ಮೊದಲ ಗೊತ್ತಿತ್ತಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಆಕೆ ನೆಲ ನೋಡುತ್ತಿದ್ದಳು. ಗೊತ್ತಿರಲಿಲ್ಲ ಎಂದರೆ ಸುಳ್ಳು. ಧೈರ್ಯಾಗಿ ಕತ್ತರಿ ಹಾಕ್ರಿ ಎಂದು ಆಕೆಗೆ ನಾನೇ ಹೇಳಿದ್ದೆ ಎಂದರೆ ದ್ರೋಹ.

"ಗೊತ್ತಿತ್ರಿ" ಎಂದೆ. "ಗಾಳಿ ಬರ್ತೈತಿ, ಥಂಡಿ ಆಗ್ತೈತಿ ಅಂತ ನಮ್ಮ ಆಫೀಸಿನ್ಯಾಗ ಬಂದಿತ್ತು. ಸಂದೇಶದಾಗ ಅದನ್ನ ಬಿಟ್ಟಾಕಿ ನಾನು. ಐದು ತಾಲೂಕಿನ್ಯಾಗ ಯಾರಿಗೂ ಹೇಳಲಿಲ್ಲ. ನಿಮ್ಮ ಫೋನಿನ್ಯಾಗೂ ಇರ್ತೈತಿ, ಹಚ್ಚಿ ನೋಡ್ರಿ."

ಅವನು ಫೋನು ತೆಗೆದು ಹುಡುಕಿ ಹಚ್ಚಿದ. ಬೇವಿನ ಮರದ ಕೆಳಗೆ ನನ್ನ ದನಿ ಬಂತು. "ನಮಸ್ಕಾರ ರೈತ ಬಾಂಧವರೆ..." ಎಂದು ಎಷ್ಟು ಲವಲವಿಕೆಯಿಂದ ಹೇಳುತ್ತಿದ್ದೆ. ಅಲ್ಲಲ್ಲಿ ತುಂತುರು ಮಳೆ. ಈರುಳ್ಳಿ ಕೀಳಬಹುದು. ಮಲ್ಲಿಗೆ ಬೆಳೆಗಾರರು ಔಷಧಿ ಸಿಂಪರಣೆ ಮುಂದೂಡಬಹುದು. ಆತಂಕ ಬೇಡ. ಬೇಲಿಯಾಚೆ ಉಳಿದ ಕುರಿಗಳು ಇನ್ನೂ ಕೆಮ್ಮುತ್ತಿದ್ದವು. ನನ್ನ ದನಿಯ ಮೇಲೆ ನನಗೆ ಹೇಸಿಗೆ ಬಂದದ್ದು ಆ ಹೊತ್ತಿನಲ್ಲಿ.

ಹಿರಿಯಜ್ಜ ಮೈದುನನನ್ನು ಕೇಳಿದ. "ಇದನ್ನ ನೀನೂ ಕೇಳಿದ್ದಿಲ್ಲೋ?"

"ಕೇಳಿದ್ನಿ."

"ಕೇಳಿ, ನೀನೂ ಕತ್ತರಿ ಹಿಡ್ಕೊಂಡು ಬಂದಿ. ಬ್ಯಾಡ ಅಂತ ಅವತ್ತು ಯಾಕ ಅನಲಿಲ್ಲ? ಸುಮ್ಮಕ ಕುಂದರು. ದಿನ ಇಟ್ಟಾಕಿ ಆಕಿ. ನಷ್ಟಾನೂ ಆಕೀದ, ಹಿಂಡೂ ಆಕೀದ."

ಅಷ್ಟಕ್ಕೇ ಸಭೆ ಮುಗಿಯಿತು. ಚಹಾ ಬಂತು. ಕೆಲವರು ನನ್ನನ್ನು ದುರುಗುಟ್ಟಿ ನೋಡಿದರು, ಒಬ್ಬ ಮುದುಕಿ, "ಮಂದಿಗೆ ಹೇಳಾಕಂತ ಕುಂತಾಕಿ ಹೇಳಬೇಕವ್ವಾ" ಎಂದು ಮುಖದ ಮೇಲೇ ಅಂದಳು. ಅದು ನನಗೆ ಸಮಾಧಾನವೇ ಆಯಿತು. ಆದರೆ ಅವರು ಬೈದದ್ದು ಹೇಳದೆ ಬಿಟ್ಟ ಮಾತಿಗೆ. 'ಧೈರ್ಯಾಗಿ ಹಾಕ್ರಿ' ಎಂದು ಹೇಳಿದ ಮಾತು ಹಾಗೇ ನನ್ನೊಳಗೆ ಉಳಿಯಿತು. ಅದಕ್ಕೆ ಬೈಯಬೇಕಾದವಳು ಒಬ್ಬಳೇ, ಆಕೆ ಬೈಯಲಿಲ್ಲ. ಬಸ್ಸಿಗೆ ಹೊರಟಾಗ ಕಳಿಸಲಿಕ್ಕೂ ಬರಲಿಲ್ಲ.

ಮರುದಿನ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ, ಫೋನಿನ ಮಾತನ್ನೂ ಸೇರಿಸಿ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಅಂದಿನಿಂದ ಸಂದೇಶದ ಮೊದಲ ಸಾಲು ಗಾಳಿಯದು, ಎರಡನೆಯದು ಹಗಲಿನ ಥಂಡಿಯದು, ಮೂರನೆಯದು ಕುರಿಗಾರರಿಗೆ. ಉದ್ದವಾಯಿತು ಎಂದಾಗ ಶುರುವಿನ ನಮಸ್ಕಾರ ತೆಗೆದುಹಾಕಿದೆವು. 'ಆತಂಕ ಬೇಡ' ಎನ್ನುವುದನ್ನು ನಾನೇ ಬಿಟ್ಟೆ. 'ಆಗಬಹುದು' ಎಂದಿದ್ದರೆ 'ಆಗಬಹುದು' ಎಂದೇ ಓದುತ್ತೇನೆ. ಮಂದಿ ಮತ್ತೆ ನಗುತ್ತಾರೆ, ನಗಲಿ.

ಆಕೆ ಮಾತ್ರ ಮತ್ತೆ ಫೋನ್ ಮಾಡಲಿಲ್ಲ. ದಿನಾ ಬೆಳಿಗ್ಗೆ ಫೋನ್ ಬಂದಾಗಲೆಲ್ಲ ಆಕೆಯದೇ ಇರಬಹುದು ಎಂದು ಎತ್ತುತ್ತಿದ್ದೆ.

ಹಂಗಾಮಿನ ಕೊನೆಗೆ ಕೊಲ್ಲಿಯಲ್ಲಿ ಇನ್ನೊಂದು ಕುಸಿತ ಎದ್ದಿತು. ಹಿಂದಿನ ಗಾಳಿಗೆ ಹೆದರಿ ದಿನ ಮುಂದೆ ಹಾಕಿದ್ದರಿಂದ ಆ ಹಟ್ಟಿಯಲ್ಲಿ ಕತ್ತರಿ ಹಾಕದ ಹಿಂಡುಗಳು ಇನ್ನೂ ಇದ್ದವು. ಒಂದು ಬೆಳಿಗ್ಗೆ ಹಿರಿಯಜ್ಜನ ಫೋನು ಬಂತು.

"ಮಳಿ ಅಕ್ಕಾರೇನವ್ವಾ? ಸೋಮವಾರ ನಮ್ಮ ಹಿಂಡಿಗೆ ಕತ್ತರಿ ಹಾಕಬಹುದೇನು?"

ನಾನು ಬಾಯಿ ತೆರೆಯುವ ಮೊದಲೇ ಅವನ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

"ಹಾಕಬೇಕೋ ಬ್ಯಾಡೋ ಅಂತ ಆಕಿನ್ನ ಕೇಳಬ್ಯಾಡ ಮಾವ. ಗಾಳಿ ಎಷ್ಟು ಅಂತ ಅಷ್ಟ ಕೇಳು. ದಿನ ನಾವು ಇಡೂಣು."

ಅಜ್ಜ, "ಗಾಳಿ ಎಷ್ಟೈತವ್ವಾ?" ಎಂದ.

ನಾನು ಪಟ್ಟಿಯ ಮೇಲೆ ಬೆರಳಿಟ್ಟು ಗಾಳಿಯ ವೇಗ ಹೇಳಿದೆ, ದಿಕ್ಕು ಹೇಳಿದೆ, ಹಗಲಿನ ತಾಪ ಹೇಳಿದೆ, ಇದು ತಪ್ಪಲೂಬಹುದು ಎಂದೂ ಹೇಳಿದೆ. ಅಜ್ಜ ಒಂದೊಂದನ್ನೂ ಆಕೆಗೆ ಕೇಳುವಂತೆ ಜೋರಾಗಿ ತಿರುಗಿ ಹೇಳಿದ. ಆ ಕಡೆಯಿಂದ ಆಕೆ "ಹ್ಞೂಂ" ಎನ್ನುತ್ತಿದ್ದಳು. ಕೊನೆಯದನ್ನೂ ಕೇಳಿಸಿಕೊಂಡ ಮೇಲೆ, "ಸಾಕು, ಫೋನು ಇಡು" ಎಂದಳು.